ತರಬೇತಿಗೆ ಹೆಸರು ಕಳಿಸುವ ಮುನ್ನ: ಕಚೇರಿ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯ ತಹಶೀಲ್ದಾರರೆ, ತಾಲ್ಲೂಕು ಪಂಚಾಯಿತಿಗಳ ಕಾರ್ಯನಿರ್ವಾಹಕ ಅಧಿಕಾರಿಗಳೆ, ಪುರಸಭೆ, ನಗರಸಭೆಗಳ ಮುಖ್ಯಸ್ಥರೆ, ಜಿಲ್ಲಾ ಮಟ್ಟದ ಇಲಾಖಾಧಿಕಾರಿಗಳೆ,

ವರ್ಷದುದ್ದಕ್ಕೂ ನಿಮ್ಮ ಟಪಾಲಿನಲ್ಲಿ ಒಂದೇ ಬಗೆಯ ಪತ್ರ ಬರುತ್ತಿರುತ್ತದೆ. ಜಿಲ್ಲಾ ತರಬೇತಿ ಸಂಸ್ಥೆಯಲ್ಲೋ ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲೋ ಇಂಥ ವಿಷಯದ ಬಗ್ಗೆ ಇಂಥ ದಿನಗಳಂದು ತರಬೇತಿ ಏರ್ಪಡಿಸಿದೆ, ನಿಮ್ಮ ಕಚೇರಿಯಿಂದ ಇಬ್ಬರು ನೌಕರರನ್ನು ನಿಯೋಜಿಸಿ ಕರ್ತವ್ಯದಿಂದ ಬಿಡುಗಡೆ ಮಾಡುವುದು ಎಂದು ಅದರಲ್ಲಿರುತ್ತದೆ. ಪತ್ರ ಸಿಬ್ಬಂದಿ ಶಾಖೆಗೆ ಹೋಗುತ್ತದೆ. ಅಲ್ಲಿ ಎರಡು ಹೆಸರು ಬರೆದು ನಿಮ್ಮ ಮುಂದೆ ಇಡುತ್ತಾರೆ. ನೀವು ಸಹಿ ಮಾಡುತ್ತೀರಿ. ಆ ಸಹಿಯ ಬಗ್ಗೆ ನಿಮ್ಮೊಂದಿಗೆ ಮಾತಾಡಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಜಿಲ್ಲಾ ತರಬೇತಿ ಸಂಸ್ಥೆಗಳಿಗೆ ಸಂಪನ್ಮೂಲ ವ್ಯಕ್ತಿಯಾಗಿ ಹೋಗುವವರಲ್ಲಿ ನಾನೂ ಒಬ್ಬ. ಕಚೇರಿ ಕಾರ್ಯವಿಧಾನ, ಮಾಹಿತಿ ಹಕ್ಕು, ಲೆಕ್ಕಪತ್ರ ನಿರ್ವಹಣೆ ನನ್ನ ವಿಷಯಗಳು. ತರಗತಿ ಶುರುವಾಗುವ ಮುಂಚೆ ಒಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ: "ನಿಮ್ಮ ಕಚೇರಿಯಲ್ಲಿ ಇಷ್ಟು ಜನ ಇದ್ದೀರಿ, ನಿಮ್ಮನ್ನೇ ಏಕೆ ಕಳಿಸಿದರು?" ಬರುವ ಉತ್ತರಗಳು ಹೆಚ್ಚುಕಡಿಮೆ ಒಂದೇ. "ನನ್ನ ಸೀಟಿನಲ್ಲಿ ಈಗ ಕೆಲಸ ಕಡಿಮೆ ಇದೆ ಸಾರ್." "ಹೋದ ಸಲ ಅವರು ಬಂದಿದ್ದರು, ಈ ಸಲ ನನ್ನ ಸರದಿ." "ಗೊತ್ತಿಲ್ಲ ಸಾರ್, ನಿನ್ನೆ ಸಂಜೆ ಆರ್ಡರ್ ಕೊಟ್ಟರು." ಮಾಹಿತಿ ಹಕ್ಕಿನ ತರಗತಿಯಲ್ಲಿ ಕೂತವರನ್ನು ವಿಚಾರಿಸಿದರೆ ಒಬ್ಬರು ವಾಹನಗಳ ಬಿಲ್ಲು ನೋಡುವವರು, ಇನ್ನೊಬ್ಬರು ಟಪಾಲು ಶಾಖೆಯವರು. ಮಾಹಿತಿ ಹಕ್ಕಿನ ಅರ್ಜಿಗಳಿಗೆ ಉತ್ತರ ಸಿದ್ಧಪಡಿಸುವ ಕೇಸ್ ವರ್ಕರ್ ಎಲ್ಲಿ ಎಂದರೆ, ಕಚೇರಿಯಲ್ಲೇ ಇದ್ದಾರೆ, ಅವರನ್ನು ಬಿಟ್ಟರೆ ಕೆಲಸ ನಿಂತುಹೋಗುತ್ತದೆ ಎನ್ನುತ್ತಾರೆ. 30 ದಿನದೊಳಗೆ ಉತ್ತರ ಕೊಡಬೇಕಾದ ಅರ್ಜಿಗಳ ರಾಶಿಯನ್ನು ಎದುರಿಗಿಟ್ಟುಕೊಂಡು ಕೂತಿರುವುದು ಅವರು. ತರಬೇತಿ ಪಡೆದು ಪ್ರಮಾಣಪತ್ರ ಒಯ್ಯುವುದು ಬೇರೆಯವರು.

ಇದಕ್ಕೆ ನಿಮ್ಮೊಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಕಾಲು ಭಾಗ ಹುದ್ದೆ ಖಾಲಿ ಬಿದ್ದಿರುವ ಕಚೇರಿಯಲ್ಲಿ ಕೆಲಸ ಬಲ್ಲ ಒಬ್ಬನನ್ನು ಐದು ದಿನ ಬಿಟ್ಟುಕೊಡುವ ಕಷ್ಟ ಏನೆಂದು ನನಗೆ ಗೊತ್ತು. ಆದರೆ ಒಂದು ಮಾತನ್ನು ನೇರವಾಗಿ ಹೇಳಬೇಕು. ತರಬೇತಿ ಸಂಸ್ಥೆ ಪಠ್ಯ ಸಿದ್ಧಪಡಿಸಬಹುದು, ಒಳ್ಳೆಯ ಉಪನ್ಯಾಸಕರನ್ನು ಕರೆಸಬಹುದು, ಊಟ ವಸತಿ ನೋಡಿಕೊಳ್ಳಬಹುದು. ನಿಮ್ಮ ಕಚೇರಿಯ ಯಾವ ಸೀಟಿನಲ್ಲಿ ಯಾವ ಕೆಲಸ ಎಡವುತ್ತಿದೆ, ಅದಕ್ಕೆ ಕಾರಣ ತಿಳಿವಳಿಕೆಯ ಕೊರತೆಯೇ ಅಥವಾ ಬೇರೆ ಏನಾದರೂ ಇದೆಯೇ ಎಂಬುದು ಅದಕ್ಕೆ ಕಾಣುವುದಿಲ್ಲ. ಅದು ಕಾಣುವುದು ನಿಮಗೆ ಮಾತ್ರ. ತರಬೇತಿಯ ಅಗತ್ಯವನ್ನು ಗುರುತಿಸುವ ಕೆಲಸ ನಿಮ್ಮ ಕಚೇರಿಯಲ್ಲಿ ಆಗದಿದ್ದರೆ ಮತ್ತೆಲ್ಲೂ ಆಗುವುದಿಲ್ಲ.

ಇದು ನನ್ನ ಸ್ವಂತ ಅಭಿಪ್ರಾಯವಷ್ಟೇ ಅಲ್ಲ, ಸರ್ಕಾರ ಒಪ್ಪಿಕೊಂಡ ನೀತಿ. ಕೇಂದ್ರ ಸರ್ಕಾರ 1996ರಲ್ಲಿ ರಾಷ್ಟ್ರೀಯ ತರಬೇತಿ ನೀತಿಯನ್ನು ತಂದಿತು, 2012ರಲ್ಲಿ ಅದನ್ನು ಪರಿಷ್ಕರಿಸಿತು. ಪ್ರತಿ ಹುದ್ದೆಗೂ ಬೇಕಾದ ಸಾಮರ್ಥ್ಯಗಳನ್ನು ಮೊದಲು ಗುರುತಿಸಬೇಕು, ಆ ಹುದ್ದೆಯಲ್ಲಿ ಇರುವವರಿಗೆ ಅದರಲ್ಲಿ ಏನು ಕಡಿಮೆ ಇದೆ ಎಂದು ನೋಡಬೇಕು, ಆಮೇಲೆ ವಾರ್ಷಿಕ ತರಬೇತಿ ಯೋಜನೆ ಮಾಡಬೇಕು ಎಂದು ಆ ನೀತಿ ಹೇಳುತ್ತದೆ. ಪ್ರತಿ ಇಲಾಖೆ ತನ್ನ ಸಂಬಳದ ಬಾಬ್ತಿನ ಶೇ. 2.5ರಷ್ಟನ್ನಾದರೂ ತರಬೇತಿಗೆ ತೆಗೆದಿಡಬೇಕು ಎಂಬ ಮಾತೂ ಅದರಲ್ಲಿದೆ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಮಿಷನ್ ಕರ್ಮಯೋಗಿಗೆ ಒಪ್ಪಿಗೆ ಕೊಟ್ಟಾಗ ಅದೇ ವಿಚಾರ ಇನ್ನಷ್ಟು ಗಟ್ಟಿಯಾಯಿತು. ನೌಕರ ಯಾವ ದರ್ಜೆಯವನು ಎಂಬುದಕ್ಕಿಂತ ಅವನು ನಿಜವಾಗಿ ಮಾಡುವ ಕೆಲಸ ಯಾವುದು ಎಂಬುದರ ಮೇಲೆ ಅವನ ಕಲಿಕೆ ನಿಲ್ಲಬೇಕು ಎಂಬುದು ಅದರ ತಿರುಳು. ಐಗಾಟ್ ಕರ್ಮಯೋಗಿ ಪೋರ್ಟಲ್‌ನಲ್ಲಿ ಈಗ ಮೊಬೈಲ್‌ನಲ್ಲೇ ಪಾಠ ಕಲಿಯಬಹುದು. ಇದೆಲ್ಲ ಒಳ್ಳೆಯದೇ. ಆದರೆ ಎಷ್ಟು ಮಂದಿ ಎಷ್ಟು ಕೋರ್ಸ್ ಮುಗಿಸಿದರು ಎಂಬ ಲೆಕ್ಕ ಸುಲಭವಾಗಿ ಸಿಗುವುದರಿಂದ ಆ ಲೆಕ್ಕವನ್ನೇ ಗುರಿಯೆಂದು ತಿಳಿಯುವ ಅಪಾಯ ಇದೆ. ಯಾರಿಗೆ ಯಾವುದು ಬೇಕಿತ್ತು ಎಂಬ ಪ್ರಶ್ನೆಯನ್ನು ಯಾವ ಪೋರ್ಟಲ್ಲೂ ನಿಮ್ಮ ಪರವಾಗಿ ಬಗೆಹರಿಸುವುದಿಲ್ಲ.

ಅಗತ್ಯ ಗುರುತಿಸುವುದೆಂದರೆ ನಮೂನೆ ಹಂಚುವುದು ಎಂದು ಹಲವು ಕಚೇರಿಗಳು ತಿಳಿದಿವೆ. "ನಿಮಗೆ ಯಾವ ವಿಷಯದಲ್ಲಿ ತರಬೇತಿ ಬೇಕು?" ಎಂದು ಕೇಳುವ ಒಂದು ಹಾಳೆ ಎಲ್ಲರಿಗೂ ಹೋಗುತ್ತದೆ. ಕಂಪ್ಯೂಟರ್, ಒತ್ತಡ ನಿರ್ವಹಣೆ, ಸಂವಹನ ಕೌಶಲ, ವ್ಯಕ್ತಿತ್ವ ವಿಕಸನ ಎಂದು ಗುರುತು ಹಾಕಿ ಹಿಂದಿರುಗಿಸುತ್ತಾರೆ. ನೌಕರರನ್ನು ಕೇಳಬಾರದು ಎಂದು ನಾನು ಹೇಳುತ್ತಿಲ್ಲ, ಕೇಳಲೇಬೇಕು. ಆದರೆ ತನಗೆ ಏನು ಗೊತ್ತಿಲ್ಲ ಎಂಬುದೇ ಗೊತ್ತಿಲ್ಲದವನು ಅದನ್ನು ನಮೂನೆಯಲ್ಲಿ ಬರೆಯಲಾರ. ಪ್ರೊಬೇಷನ್‌ನಲ್ಲಿರುವ ಹುಡುಗಿ "ನನಗೆ ಟಿಪ್ಪಣಿ ಬರೆಯಲು ಬರುವುದಿಲ್ಲ" ಎಂದು ಸಹಿ ಹಾಕಿ ಮೇಲಧಿಕಾರಿಗೆ ಕೊಡಲಾರಳು. ಇಪ್ಪತ್ತೈದು ವರ್ಷ ಸರ್ವಿಸು ಆದ ಅಧೀಕ್ಷಕರು ಇ-ಆಫೀಸ್‌ನಲ್ಲಿ ಕಡತದ ಕೆಲಸವನ್ನು ನನ್ನ ಲಾಗಿನ್‌ನಿಂದ ಪಕ್ಕದ ಆಪರೇಟರ್ ಕೈಯಲ್ಲಿ ಮಾಡಿಸುತ್ತಿದ್ದೇನೆ ಎಂದು ಬರೆದುಕೊಡುವುದಿಲ್ಲ. ಬೇಕೆನ್ನಿಸುವುದು ಬೇರೆ, ಅಗತ್ಯ ಬೇರೆ. ಅಗತ್ಯ ಕೆಲಸದಲ್ಲಿ ಕಾಣುತ್ತದೆ, ಅದನ್ನು ಅಲ್ಲೇ ಹುಡುಕಬೇಕು.

ಎಲ್ಲಿ ಹುಡುಕುವುದು ಎಂಬುದಕ್ಕೆ ಗ್ರಾಮ ಪಂಚಾಯಿತಿಯ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ. ಇದು ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಚೆನ್ನಾಗಿ ಪರಿಚಯವಿರುವ ವಿಷಯ.

ಲೆಕ್ಕಪರಿಶೋಧನಾ ವರದಿಯಲ್ಲಿ ವರ್ಷ ವರ್ಷವೂ ಮರುಕಳಿಸುವ ಒಂದು ಆಕ್ಷೇಪಣೆ ಇದೆ: ಕಾಮಗಾರಿ ಬಿಲ್ಲಿನಿಂದ ಕಾರ್ಮಿಕ ಕಲ್ಯಾಣ ಸೆಸ್ ಕಟಾಯಿಸಿಲ್ಲ, ಅಥವಾ ಕಟಾಯಿಸಿದ್ದನ್ನು ಸಂದಾಯ ಮಾಡಿಲ್ಲ. ಕಾನೂನಿನ ಪ್ರಕಾರ ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಹಿಡಿದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಗಡುವಿನೊಳಗೆ ಕಟ್ಟಬೇಕು. ಇದರ ಪಕ್ಕದಲ್ಲೇ ಇನ್ನೊಂದು ಆಕ್ಷೇಪಣೆ ಇರುತ್ತದೆ. ಗುತ್ತಿಗೆಯ ಮೊತ್ತ ₹2.5 ಲಕ್ಷ ದಾಟಿದ್ದರೂ ಶೇ. 2ರ ಜಿಎಸ್‌ಟಿ ಟಿಡಿಎಸ್ ಹಿಡಿದಿಲ್ಲ ಎಂಬುದು ಅದು. ಆ ನಿಯಮ ಜಾರಿಗೆ ಬಂದದ್ದು 2018ರ ಅಕ್ಟೋಬರ್ 1ರಂದು. ವರದಿ ಬಂದ ಕೂಡಲೇ ಸಾಮಾನ್ಯವಾಗಿ ಆಗುವುದೇನು? "ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ (ಪಿಡಿಒ) ಮತ್ತು ಕಾರ್ಯದರ್ಶಿಗಳಿಗೆ ಲೆಕ್ಕಪತ್ರ ನಿರ್ವಹಣೆಯ ಬಗ್ಗೆ ತರಬೇತಿ ನೀಡುವುದು" ಎಂದು ಷರಾ ಬೀಳುತ್ತದೆ. ತಾಲ್ಲೂಕಿನ ಎಲ್ಲರನ್ನೂ ಸಭಾಂಗಣದಲ್ಲಿ ಕೂಡಿಸಿ ಎರಡು ದಿನ ಲೆಕ್ಕಶಾಸ್ತ್ರ ಹೇಳುತ್ತಾರೆ. ಮುಂದಿನ ವರ್ಷದ ವರದಿಯಲ್ಲಿ ಅದೇ ಆಕ್ಷೇಪಣೆ ಮತ್ತೆ ಬರುತ್ತದೆ.

ಷರಾ ಬರೆಯುವ ಮುಂಚೆ ಆ ಬಿಲ್ಲುಗಳನ್ನು ತರಿಸಿ ಮೇಜಿನ ಮೇಲೆ ಇಟ್ಟುಕೊಳ್ಳಿ. ಸಂಬಂಧಪಟ್ಟ ಕಾರ್ಯದರ್ಶಿಯನ್ನೂ ಕೂಡಿಸಿಕೊಂಡು, ಗದರಿಸದೆ, "ಇಲ್ಲಿ ಏನಾಯಿತು?" ಎಂದು ಕೇಳಿ. ಉತ್ತರಗಳು ಬೇರೆ ಬೇರೆ ಬರುತ್ತವೆ. ಒಬ್ಬರಿಗೆ ಸೆಸ್ ಹಿಡಿಯಬೇಕು ಎಂಬುದೇ ಗೊತ್ತಿರುವುದಿಲ್ಲ, ಅವರು ಬೇರೆ ಕೆಲಸದಿಂದ ಈ ಹುದ್ದೆಗೆ ಹೊಸದಾಗಿ ಬಂದವರು. ಇನ್ನೊಬ್ಬರಿಗೆ ಗೊತ್ತಿದೆ, ಹಿಡಿದಿದ್ದಾರೆ ಕೂಡ, ಆದರೆ ಹಣವನ್ನು ಯಾವ ಖಾತೆಗೆ, ಯಾವ ವಿಧಾನದಲ್ಲಿ ಕಟ್ಟಬೇಕು ಎಂಬುದು ಸ್ಪಷ್ಟವಿಲ್ಲದೆ ಹಾಗೇ ಉಳಿಸಿಕೊಂಡಿದ್ದಾರೆ. ಮೂರನೆಯವರಿಗೆ ಎಲ್ಲವೂ ಗೊತ್ತಿದೆ. ಮಾರ್ಚ್ 31ರ ರಾತ್ರಿ ಬಿಲ್ಲು ಪಾಸು ಮಾಡಲೇಬೇಕೆಂಬ ಒತ್ತಡ ಬಂತು, ಗುತ್ತಿಗೆದಾರ ಆಮೇಲೆ ಕಟ್ಟುತ್ತೇನೆ ಎಂದ, ಅವರು ಸಹಿ ಮಾಡಿದರು.

ವರದಿಯಲ್ಲಿ ಮೂವರದೂ ಒಂದೇ ಆಕ್ಷೇಪಣೆ, ಪರಿಹಾರ ಮಾತ್ರ ಮೂರು ಬಗೆ. ತರಗತಿಯ ಅಗತ್ಯ ಇರುವುದು ಮೊದಲನೆಯವರಿಗೆ. ಅದೂ ಎರಡು ದಿನದ್ದಲ್ಲ, ಅರ್ಧ ದಿನದ್ದು, ಅವರದೇ ಪಂಚಾಯಿತಿಯ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಮಾಡುವಂಥದ್ದು. ಎರಡನೆಯವರಿಗೆ ಬೇಕಾದದ್ದು ಒಂದು ಪುಟದ ಸುತ್ತೋಲೆ: ಖಾತೆ ಯಾವುದು, ಚಲನ್ ಹೇಗೆ, ಸಂಶಯ ಬಂದರೆ ಯಾರಿಗೆ ಫೋನು ಮಾಡಬೇಕು. ಮೂರನೆಯವರಿಗೆ ಯಾವ ತರಬೇತಿಯಿಂದಲೂ ಪ್ರಯೋಜನವಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಅವರ ಬೆನ್ನಿಗೆ ನಿಲ್ಲುವ ಅಧಿಕಾರಿ ಬೇಕು, ಅಂದರೆ ನೀವು ಬೇಕು. ಮೂವರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಿದರೆ ಒಬ್ಬರಿಗೆ ಪಾಠ ತಲೆಯ ಮೇಲೆ ಹೋಗುತ್ತದೆ, ಒಬ್ಬರಿಗೆ ತಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಇನ್ನೊಬ್ಬರಿಗೆ ಅವಮಾನವಾಗುತ್ತದೆ.

ಅಮೆರಿಕದ ರಾಬರ್ಟ್ ಮೇಗರ್ ಮತ್ತು ಪೀಟರ್ ಪೈಪ್ ಎಂಬ ಇಬ್ಬರು ತರಬೇತಿ ತಜ್ಞರು 1970ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಇದನ್ನೇ ಒಂದು ಪ್ರಶ್ನೆಯ ರೂಪದಲ್ಲಿ ಇಟ್ಟರು. ಪ್ರಾಣದ ಮೇಲೆ ಬಂದರೆ ಈ ಮನುಷ್ಯ ಈ ಕೆಲಸವನ್ನು ಮಾಡಬಲ್ಲನೇ? ಮಾಡಬಲ್ಲ ಎಂದಾದರೆ ಕೊರತೆ ಅವನ ಕೌಶಲದಲ್ಲಿಲ್ಲ. ಮಾಡಲು ಬೇಕಾದ ಸಲಕರಣೆ ಇಲ್ಲವೋ, ಸಮಯ ಇಲ್ಲವೋ, ಸರಿಯಾಗಿ ಮಾಡಿದವನಿಗೇ ತೊಂದರೆ ಆಗುತ್ತಿದೆಯೋ ನೋಡಬೇಕು. ಐವತ್ತು ವರ್ಷದ ಹಿಂದಿನ ಈ ಪ್ರಶ್ನೆಯನ್ನು ನಮ್ಮ ಕಚೇರಿಗಳಲ್ಲಿ ಇವತ್ತು ಕೇಳಿದರೆ ತರಬೇತಿಗೆ ಹೋಗುವ ಹೆಸರುಗಳಲ್ಲಿ ಬಹಳಷ್ಟು ಅಳಿಸಿಹೋಗುತ್ತವೆ ಎಂದು ನನ್ನ ನಂಬಿಕೆ.

ಗ್ರಾಮ ಆಡಳಿತ ಅಧಿಕಾರಿಗಳ ವಿಷಯ ನೋಡಿ. 2024ರ ಸೆಪ್ಟೆಂಬರ್‌ನಲ್ಲಿ ಅವರು ರಾಜ್ಯದಾದ್ಯಂತ ಮುಷ್ಕರಕ್ಕೆ ಇಳಿದಾಗ ಮುಂದಿಟ್ಟ ದೂರುಗಳೇನು? ಒಂದರ ಮೇಲೊಂದು ಬಂದು ಬೀಳುತ್ತಿರುವ ಮೊಬೈಲ್ ಆ್ಯಪ್‌ಗಳ ಕೆಲಸ, ಅದಕ್ಕೆ ತಕ್ಕ ಸಲಕರಣೆ ಇಲ್ಲದಿರುವುದು, ಕೂರಲು ಸರಿಯಾದ ಕಚೇರಿ ಇಲ್ಲದಿರುವುದು. ಆ್ಯಪ್ ಬಳಸುವುದು ತಮಗೆ ಬರುವುದಿಲ್ಲ ಎಂಬುದು ಅವರ ತಕರಾರಾಗಿರಲಿಲ್ಲ. ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆಯ ಫೋಟೋ ಹಾಕಬೇಕಾದವರ ಕೈಯಲ್ಲಿ ಅದಕ್ಕೆ ತಕ್ಕ ಫೋನ್ ಇಲ್ಲ, ಇದ್ದರೂ ಅಲ್ಲಿ ನೆಟ್‌ವರ್ಕ್ ಇಲ್ಲ ಎಂದರೆ ಅದಕ್ಕೆ ಇನ್ನೊಂದು ದಿನದ ಆ್ಯಪ್ ತರಬೇತಿ ಉತ್ತರವಾಗುವುದಿಲ್ಲ. ಇಂಥ ಕಡೆ ತರಬೇತಿ ಕೊಟ್ಟರೆ ಆಗುವ ನಷ್ಟ ಬರೀ ಹಣದ್ದಲ್ಲ. "ನಿನಗೆ ಬರುವುದಿಲ್ಲ, ಅದಕ್ಕೇ ಕೆಲಸ ಆಗುತ್ತಿಲ್ಲ" ಎಂದು ವ್ಯವಸ್ಥೆ ತನ್ನ ಹೊಣೆಯನ್ನು ಕೆಳಗಿನ ನೌಕರನ ಮೇಲೆ ಹೊರಿಸಿದಂತಾಗುತ್ತದೆ. ನೌಕರರಿಗೆ ಅದು ಅರ್ಥವಾಗುತ್ತದೆ. ತರಬೇತಿಯೆಂದರೆ ಅವರಲ್ಲಿ ಹುಟ್ಟುವ ತಾತ್ಸಾರದ ಒಂದು ಬೇರು ಇಲ್ಲಿದೆ.

ಇನ್ನು ಇದಕ್ಕೆ ತದ್ವಿರುದ್ಧವಾದ ಸಂಗತಿ. ತರಬೇತಿ ನಿಜಕ್ಕೂ ಬೇಕಾಗಿದ್ದು, ಯಾರ ಕಣ್ಣಿಗೂ ಬೀಳದೆ ಉಳಿದವರು ಇದ್ದಾರೆ.

ಒಂದು ಊರಿನಲ್ಲಿ ನೀರುಗಂಟಿಯ ಜೊತೆ ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ನಿಂತು ಅವನ ಕೆಲಸ ನೋಡಿದೆ. ಬ್ಲೀಚಿಂಗ್ ಪೌಡರಿನ ಚೀಲ ಪಂಪ್ ಮನೆಯ ಮೂಲೆಯಲ್ಲಿತ್ತು, ಬಾಯಿ ಬಿಚ್ಚಿಕೊಂಡೇ ಇತ್ತು. ನೆಲದ ತೇವಕ್ಕೆ ತಳ ಗಟ್ಟಿಯಾಗಿತ್ತು. ಅವನು ಹಳೆಯ ತಟ್ಟೆಯಲ್ಲಿ ಒಂದಷ್ಟು ತೆಗೆದುಕೊಂಡ, ಏಣಿ ಹತ್ತಿ ನೀರಿಗೆ ಚೆಲ್ಲಿ ಇಳಿದ, ಸ್ವಲ್ಪ ಹೊತ್ತಿಗೆ ವಾಲ್ವು ತಿರುಗಿಸಿದ. ಎಷ್ಟು ಹಾಕಿದೆ ಎಂದರೆ "ಅಂದಾಜು ಸಾರ್, ವಾಸನೆ ಬಂದರೆ ಜನ ಬೈತಾರೆ, ಅದಕ್ಕೆ ಕಡಿಮೇನೇ ಹಾಕ್ತೀನಿ" ಎಂದ. ಅವನಲ್ಲಿ ಉದಾಸೀನ ಇರಲಿಲ್ಲ. ಬೆಳಗ್ಗೆ ನಾಲ್ಕಕ್ಕೆ ಏಳುವ ಮನುಷ್ಯ, ಊರಿನ ಪ್ರತಿ ನಲ್ಲಿಯ ಒತ್ತಡ ಎಷ್ಟೆಂದು ಬಾಯಲ್ಲೇ ಹೇಳಬಲ್ಲ.

ಅವನಿಗೆ ಗೊತ್ತಿರದಿದ್ದ ಸಂಗತಿಗಳು ಕೆಲವೇ. ಒಳ್ಳೆಯ ಗುಣಮಟ್ಟದ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಬೇಕು, ಅಂದರೆ 50,000 ಲೀಟರಿನ ಟ್ಯಾಂಕಿಗೆ ಸುಮಾರು 125 ಗ್ರಾಂ. ಗಾಳಿ, ಬೆಳಕು, ತೇವ ತಗುಲಿದರೆ ಪೌಡರಿನ ಸತ್ವ ಇಳಿಯುತ್ತದೆ, ಆಗ ಅಷ್ಟೇ ಹಾಕಿದರೂ ಸಾಲದು. ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ನಿಂತ ಮೇಲೆ ಮೇಲಿನ ತಿಳಿಯನ್ನು ಟ್ಯಾಂಕಿಗೆ ಹಾಕಬೇಕು. ಹಾಕಿದ ಮೇಲೆ ಒಂದು ಗಂಟೆಯಾದರೂ ಬಿಟ್ಟು ನೀರು ಬಿಡಬೇಕು. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಾ ಕಿಟ್‌ನಿಂದ ನೋಡಬೇಕು. ಇದನ್ನೆಲ್ಲ ಟ್ಯಾಂಕಿನ ಬುಡದಲ್ಲೇ ಒಂದು ಬೆಳಗಿನಲ್ಲಿ ಕಲಿಸಬಹುದು. ಜೊತೆಗೆ ಒಂದು ಸಣ್ಣ ತಕ್ಕಡಿ, ಮುಚ್ಚಳ ಇರುವ ಡಬ್ಬ, ಒಂದು ಬಕೆಟ್ ಕೊಟ್ಟರೆ ಸಾಕು.

ಈ ಮನುಷ್ಯನ ಹೆಸರು ಯಾವ ತರಬೇತಿಯ ಪಟ್ಟಿಗೂ ಬಂದಿರಲಿಲ್ಲ. ಅವನ ಕೈಯಲ್ಲಿ ಇಡೀ ಊರಿನ ಆರೋಗ್ಯ ಇದೆ. ಮಳೆಗಾಲದಲ್ಲಿ ವಾಂತಿಭೇದಿ ಕಾಣಿಸಿಕೊಂಡ ಮೇಲೆ ಪಿಡಿಒಗೆ ನೋಟಿಸು ಹೋಗುತ್ತದೆ, ನೀರುಗಂಟಿಯನ್ನು ತೆಗೆದುಹಾಕುತ್ತಾರೆ, ಹೊಸಬನನ್ನು ನೇಮಿಸುತ್ತಾರೆ. ಹೊಸಬನೂ ಅಂದಾಜಿಗೇ ಹಾಕುತ್ತಾನೆ. ಯಾವ ನಮೂನೆ ಹಂಚಿದ್ದರೂ ಈ ಅಗತ್ಯ ಬೆಳಕಿಗೆ ಬರುತ್ತಿರಲಿಲ್ಲ. ಕೆಲಸ ನಡೆಯುವ ಜಾಗಕ್ಕೆ ಹೋಗಿ, ಕೆಲಸ ಮಾಡುವವನ ಪಕ್ಕದಲ್ಲಿ ನಿಂತು ನೋಡಿದರೆ ಮಾತ್ರ ಇಂಥದ್ದು ಕಾಣುತ್ತದೆ. ಇಷ್ಟಕ್ಕೆ ಬೇಕಾದದ್ದು ನಿಮ್ಮ ಒಂದು ಬೆಳಗು.

ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರುಗಳ ಕಥೆಯೂ ಇದೇ. ನಾಡಕಚೇರಿಯಲ್ಲಿ, ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರದಲ್ಲಿ, ತಾಲ್ಲೂಕು ಕಚೇರಿಯ ಭೂಮಿ ಶಾಖೆಯಲ್ಲಿ ಜನ ಮುಖಾಮುಖಿಯಾಗುವುದು ಹೆಚ್ಚಾಗಿ ಅವರನ್ನೇ. ಯಾವ ದಾಖಲೆ ತರಬೇಕು ಎಂದು ಹೇಳುವವರೂ ಅವರೇ, ತಂದದ್ದನ್ನು ಪರದೆಯ ಮೇಲೆ ಏರಿಸುವವರೂ ಅವರೇ. ಆದರೆ ಅವರು ಜ್ಯೇಷ್ಠತಾ ಪಟ್ಟಿಯಲ್ಲಿಲ್ಲ, ಖಾಯಂ ನೌಕರರಲ್ಲ, ಆದ್ದರಿಂದ ನಿಯೋಜನೆಗೆ ಅರ್ಹರಲ್ಲ. ತರಬೇತಿ ಎಲ್ಲರಿಗೂ ಎಂದು ರಾಷ್ಟ್ರೀಯ ನೀತಿ ಹೇಳುವಾಗ ಆ ಎಲ್ಲರಲ್ಲಿ ಇವರನ್ನು ಸೇರಿಸದೆ ಬಿಟ್ಟರೆ ಕೌಂಟರಿನಲ್ಲಿ ನಿಂತ ರೈತನಿಗೆ ಆ ನೀತಿಯಿಂದ ಏನೂ ಸಿಗುವುದಿಲ್ಲ. ಪೌರಕಾರ್ಮಿಕರು, ವಾಹನ ಚಾಲಕರು, ಡಿ ದರ್ಜೆ ನೌಕರರ ಮಾತೂ ಅಷ್ಟೇ.

ಕಂದಾಯ ಕಚೇರಿಗಳವರಿಗೆ ಇನ್ನೊಂದು ಜಾಗ ತೋರಿಸುತ್ತೇನೆ. ಸಕಾಲ ಕಾಯ್ದೆ 2011ರದ್ದು, ಸೇವೆಯಾಗಿ ಜನರಿಗೆ ಸಿಕ್ಕಿದ್ದು 2012ರಲ್ಲಿ. ಅರ್ಜಿ ಕೊಟ್ಟವರಿಗೆ ಒಂದು ಸಂಖ್ಯೆ, ಸೇವೆಗೆ ಒಂದು ಗಡುವು, ಗಡುವು ಮೀರಿದರೆ ದಿನಕ್ಕೆ ₹20ರಂತೆ ಗರಿಷ್ಠ ₹500ರವರೆಗೆ ಪರಿಹಾರ ಎಂದು ಅದು ಗೊತ್ತುಮಾಡಿತು. ಗಡುವಿನೊಳಗೆ ವಿಲೇವಾರಿ ಮಾಡಬೇಕೆಂಬ ಅವಸರದಲ್ಲಿ ಹೋಗುವ ಹಿಂಬರಹಗಳನ್ನು ಒಂದು ತಿಂಗಳಿನದು ತೆಗೆಸಿ ಓದಿ. "ದಾಖಲೆಗಳು ಸರಿಯಾಗಿಲ್ಲದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ" ಎಂದಷ್ಟೇ ಬರೆದವು ಎಷ್ಟು, ಯಾವ ದಾಖಲೆ ಸರಿಯಿಲ್ಲ, ಏನು ತಂದರೆ ಆಗುತ್ತದೆ ಎಂದು ಬರೆದವು ಎಷ್ಟು ಎಂದು ಎಣಿಸಿ. ಅವು ಯಾವ ಕೇಸ್ ವರ್ಕರ್ ಸಿದ್ಧಪಡಿಸಿದವು ಎಂದೂ ನೋಡಿ. ಒಬ್ಬಿಬ್ಬರ ಕಡತಗಳಲ್ಲಿ ಮಾತ್ರ ಈ ದೋಷ ಇದ್ದರೆ ಅದು ಆ ಒಬ್ಬಿಬ್ಬರ ತರಬೇತಿಯ ಅಗತ್ಯ. ಎಲ್ಲರದ್ದೂ ಹೀಗೇ ಇದ್ದರೆ ಕಚೇರಿಯ ರೂಢಿಯೇ ಹಾಗಾಗಿದೆ, ಅದನ್ನು ಸಹಿ ಮಾಡುವವರು ತಿದ್ದಬೇಕು. ಮಾಹಿತಿ ಹಕ್ಕಿನ ಮೊದಲ ಮೇಲ್ಮನವಿಗಳು, ಜನಸ್ಪಂದನದಲ್ಲಿ ಮತ್ತೆ ಮತ್ತೆ ಬರುವ ಒಂದೇ ಬಗೆಯ ದೂರು, ನ್ಯಾಯಾಲಯದಿಂದ ಮರುವಿಚಾರಣೆಗೆ ವಾಪಸು ಬಂದ ಆದೇಶಗಳು, ಎಲ್ಲವೂ ಹೀಗೇ ಮಾತಾಡುತ್ತವೆ. ತರಬೇತಿಯ ಅಗತ್ಯವನ್ನು ಹೇಳುವ ಕಾಗದಗಳು ನಿಮ್ಮ ಕಪಾಟಿನಲ್ಲೇ ಇವೆ.

ಕೆಲವು ಅಗತ್ಯಗಳನ್ನು ಹುಡುಕುವುದೇ ಬೇಡ, ಅವು ದಿನಾಂಕ ಹೇಳಿ ಬರುತ್ತವೆ. ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜೊತೆಗಿನ ಎರಡು ಕಾನೂನುಗಳಿಗೆ 2023ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, ಜಾರಿಗೆ ಬಂದದ್ದು 2024ರ ಜುಲೈ 1ರಂದು. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಚಿತ್ರೀಕರಿಸಬೇಕು ಎಂಬ ಹೊಸ ಹೊಣೆ ಪೊಲೀಸ್ ಠಾಣೆಯ ಮಟ್ಟದ ಸಿಬ್ಬಂದಿಯ ಮೇಲೆ ಬರುತ್ತದೆ ಎಂದು ಆರು ತಿಂಗಳು ಮೊದಲೇ ಗೊತ್ತಿತ್ತು. ಹೊಸ ತಂತ್ರಾಂಶ ಬರುವಾಗಲೂ ಹೀಗೇ ಮುಂಚಿತವಾಗಿ ಗೊತ್ತಿರುತ್ತದೆ.

ಬಡ್ತಿಯದು ಬೇರೆಯೇ ವಿಷಯ. ಅದರ ಬಗ್ಗೆ ನನಗೆ ನಿಜವಾದ ಚಿಂತೆ ಇದೆ. ಪ್ರಥಮ ದರ್ಜೆ ಸಹಾಯಕರಾಗಿ ಚೆನ್ನಾಗಿ ಕೆಲಸ ಮಾಡಿದವರು ಒಂದು ದಿನ ಅಧೀಕ್ಷಕರಾಗುತ್ತಾರೆ. ನಿನ್ನೆಯವರೆಗೆ ತಾವೇ ಕಡತ ಬರೆಯುತ್ತಿದ್ದವರು ಇಂದಿನಿಂದ ಬೇರೆಯವರು ಬರೆದದ್ದನ್ನು ನೋಡಬೇಕು, ತಿದ್ದಬೇಕು, ಕೆಲಸ ಹಂಚಬೇಕು, ಬಾಕಿ ಕಡತಗಳ ಬೆನ್ನು ಹತ್ತಬೇಕು, ಕಣ್ಣೀರು ಹಾಕಿಕೊಂಡು ಬಂದ ಸಹೋದ್ಯೋಗಿಯ ಮಾತು ಕೇಳಬೇಕು. ಇದನ್ನು ಅವರಿಗೆ ಕಲಿಸಿದವರಿಲ್ಲ. ಇಲಾಖಾ ಪರೀಕ್ಷೆಗಳನ್ನು ಅವರು ಪಾಸು ಮಾಡಿರುತ್ತಾರೆ, ಸೇವಾ ನಿಯಮಾವಳಿ ಬಾಯಿಪಾಠ ಇರುತ್ತದೆ. ಮೇಲ್ವಿಚಾರಣೆ ಎಂಬುದು ಬೇರೆಯೇ ಕೆಲಸ ಎಂದು ವ್ಯವಸ್ಥೆ ಒಪ್ಪಿಕೊಂಡಿಲ್ಲ. ಹೀಗಾಗಿ ಒಳ್ಳೆಯ ಗುಮಾಸ್ತರೊಬ್ಬರನ್ನು ಕಳೆದುಕೊಳ್ಳುತ್ತೇವೆ, ಅವರ ಜಾಗದಲ್ಲಿ ಒಬ್ಬ ಅಧೀರ ಅಧೀಕ್ಷಕ ಸಿಗುತ್ತಾರೆ. ಬಡ್ತಿ ಆದೇಶ ಹೊರಡಿಸುವಾಗಲೇ ಮೇಲ್ವಿಚಾರಣೆಯ ತರಬೇತಿಗೆ ಅವರ ಹೆಸರು ಬರೆಯಿರಿ, ಆರು ತಿಂಗಳು ಕಾಯಬೇಡಿ.

ಮಹಿಳಾ ನೌಕರರ ಬಗ್ಗೆಯೂ ಒಂದು ಮಾತು ಹೇಳಬೇಕು. ಐದು ದಿನ ವಸತಿ ಸಹಿತ ತರಬೇತಿ ಎಂದ ಕೂಡಲೇ ಮಗು ಚಿಕ್ಕದಿದೆ, ಮನೆಯಲ್ಲಿ ವಯಸ್ಸಾದವರಿದ್ದಾರೆ ಎಂದು ಹಲವರು ಹಿಂದೆ ಸರಿಯುತ್ತಾರೆ. ಅದನ್ನು ಆಸಕ್ತಿ ಇಲ್ಲ ಎಂದು ಬರೆದುಕೊಂಡು ಪುರುಷ ನೌಕರರ ಹೆಸರು ಕಳಿಸುವುದು ವಾಡಿಕೆ. ಯಾರಿಗೆ ಏನು ಬೇಕು ಎಂಬುದರ ಜೊತೆಗೆ ಎಲ್ಲಿ, ಯಾವಾಗ ಕೊಟ್ಟರೆ ಅವರು ಬರಬಲ್ಲರು ಎಂಬುದೂ ಅಗತ್ಯದ ಒಂದು ಭಾಗ. ತಾಲ್ಲೂಕಿನಲ್ಲೇ ವಾರಕ್ಕೊಂದು ಮಧ್ಯಾಹ್ನದಂತೆ ನಡೆಸಿ ಎಂದು ನೀವು ಬರೆದು ಕೇಳಿದರೆ ಜಿಲ್ಲಾ ತರಬೇತಿ ಸಂಸ್ಥೆಯವರು ಕಿವಿಗೊಡುತ್ತಾರೆ. ಹಾಗೆ ಬರೆದು ಕೇಳಿದವರು ಅಪರೂಪ, ಅಷ್ಟೇ.

ಈಗ ನನ್ನ ಬೇಡಿಕೆ. ಅದು ದೊಡ್ಡದಲ್ಲ. ಹೊಸ ಸಮಿತಿ ಬೇಡ, ಸಲಹಾ ಸಂಸ್ಥೆ ಬೇಡ, ನೂರು ಪುಟದ ವರದಿಯೂ ಬೇಡ. ವರ್ಷಕ್ಕೊಮ್ಮೆ, ತರಬೇತಿ ಸಂಸ್ಥೆಗಳು ಮುಂದಿನ ವರ್ಷದ ವೇಳಾಪಟ್ಟಿ ಮಾಡುವ ಮುಂಚೆ, ನಿಮ್ಮ ಶಾಖಾ ಮುಖ್ಯಸ್ಥರೊಂದಿಗೆ ಒಂದು ದಿನ ಕೂತುಕೊಳ್ಳಿ. ಆಡಿಟ್ ವರದಿ, ಹಿಂಬರಹದ ಕಟ್ಟು, ಮೇಲ್ಮನವಿಗಳು, ದೂರುಗಳು ಮೇಜಿನ ಮೇಲಿರಲಿ. ಪ್ರತಿ ದೋಷದ ಎದುರು ಗೊತ್ತಿಲ್ಲದೆ ಆದದ್ದೇ, ಸಲಕರಣೆ ಇಲ್ಲದೆ ಆದದ್ದೇ, ಒತ್ತಡದಿಂದ ಆದದ್ದೇ ಎಂದು ಗುರುತು ಮಾಡಿ. ಗೊತ್ತಿಲ್ಲದೆ ಆದದ್ದನ್ನು ಮಾತ್ರ ತರಬೇತಿ ಸಂಸ್ಥೆಗೆ ಕಳಿಸಿ, ಅದರ ಜೊತೆಗೆ ನಿಮ್ಮ ಕಚೇರಿಯ ಎರಡು ನಿಜವಾದ ಕಡತಗಳ ಪ್ರತಿಯನ್ನು, ಹೆಸರುಗಳನ್ನು ಮರೆಮಾಡಿ, ಲಗತ್ತಿಸಿ. ನಮ್ಮಂಥ ಸಂಪನ್ಮೂಲ ವ್ಯಕ್ತಿಗಳಿಗೆ ಅದಕ್ಕಿಂತ ಒಳ್ಳೆಯ ಪಠ್ಯ ಬೇರೆ ಇಲ್ಲ. ಉಳಿದ ಎರಡು ಬಗೆಯವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಅವಕ್ಕೆ ಅನುದಾನ ಕೇಳುವುದೋ, ಸುತ್ತೋಲೆ ಹೊರಡಿಸುವುದೋ, ನಿಮ್ಮ ನೌಕರರ ಪರ ನಿಲ್ಲುವುದೋ, ಅದು ನಿಮ್ಮ ಕೆಲಸ.

ತರಬೇತಿ ಮುಗಿಸಿ ಬಂದವರನ್ನು ಮರುದಿನವೇ ಕರೆದು ಮಾತಾಡಿಸಿ. ಏನು ಕಲಿತಿರಿ, ನಿಮ್ಮ ಸೀಟಿನಲ್ಲಿ ಏನು ಬದಲಿಸುತ್ತೀರಿ, ಅದಕ್ಕೆ ನನ್ನಿಂದ ಏನು ಬೇಕು ಎಂದು ಕೇಳಿ. ಮೂರು ತಿಂಗಳ ಬಳಿಕ ಅದೇ ಬಗೆಯ ಕಡತ ಇನ್ನೊಮ್ಮೆ ತರಿಸಿ ನೋಡಿ. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಪ್ರಾಧ್ಯಾಪಕರು 1959ರಲ್ಲೇ ಹೇಳಿದಂತೆ ತರಗತಿ ಇಷ್ಟವಾಯಿತೇ, ಪಾಠ ತಲೆಗೆ ಹೋಯಿತೇ ಎಂಬುದಷ್ಟೇ ಸಾಲದು. ಕೆಲಸ ಮಾಡುವ ರೀತಿ ಬದಲಾಯಿತೇ, ಅದರಿಂದ ಫಲ ಬಂತೇ ಎಂದೂ ನೋಡಬೇಕು. ಕೊನೆಯ ದಿನ ನಾವು ತುಂಬಿಸಿಕೊಳ್ಳುವ ಅಭಿಪ್ರಾಯದ ಹಾಳೆಯಲ್ಲಿ ಈ ಎರಡಕ್ಕೆ ಉತ್ತರ ಇರುವುದಿಲ್ಲ, ನಿಮ್ಮ ಕಚೇರಿಯ ಕಡತದಲ್ಲಿ ಇರುತ್ತದೆ.

ಮುಂದಿನ ಸಲ ನಿಯೋಜನೆಯ ಪತ್ರ ಬಂದಾಗ, ದಯವಿಟ್ಟು, ಪ್ರತಿ ಹೆಸರಿನ ಎದುರು ಈ ನೌಕರ ಹಿಂದಿರುಗಿದ ಮೇಲೆ ಯಾವ ಕೆಲಸವನ್ನು ಈಗಿನದಕ್ಕಿಂತ ಚೆನ್ನಾಗಿ ಮಾಡಬೇಕು ಎಂದು ಒಂದು ಸಾಲು ನಿಮ್ಮ ಕೈಯಾರೆ ಬರೆಯಿರಿ. ಆ ಸಾಲು ಬರೆಯಲು ಆಗದಿದ್ದರೆ ಆ ಹೆಸರು ಕಳಿಸಬೇಡಿ. ಬರೆಯಲು ಆದರೆ, ಎಷ್ಟೇ ಕೆಲಸ ಇದ್ದರೂ ಅವರನ್ನು ಬಿಡುಗಡೆ ಮಾಡಿ.

ಇಂತಿ ನಮಸ್ಕಾರಗಳೊಂದಿಗೆ,
ಜಿಲ್ಲಾ ತರಬೇತಿ ಸಂಸ್ಥೆಗಳ ಒಬ್ಬ ಸಂಪನ್ಮೂಲ ವ್ಯಕ್ತಿ